ಎಳದು ನೋಡ್ರಿ

“ಅವ್ವಾ, ಹಿಂದಿನ ಕಲ್ಲ ಮ್ಯಾಲ ಏರು. ಅಲ್ಲಿ ನಿಂದರಬ್ಯಾಡ,” ಎಂದು ಯೋಗಿರಾಜ ಕೂಗುವ ಹೊತ್ತಿಗೆ ಕಸ್ತೂರಬಾಯಿಯ ಸೀರೆಯ ಅಂಚು ನೀರಿನಲ್ಲಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅವಳು ಸ್ನಾನಕ್ಕೆಂದು ಬಂಡೆಯ ಮೂಲೆ ಸುತ್ತಿ ನಡೆದುಹೋಗಿದ್ದ ಮರಳಿನ ದಾರಿ ಈಗ ಇರಲಿಲ್ಲ. ಅಲ್ಲಿ ಸಮುದ್ರ ಬಂದು ಕೂತಿತ್ತು. ಮೇಲೆ, ಮೂರಾಳೆತ್ತರದ ಬಂಡೆಯ ಅಂಚಿನಲ್ಲಿ, ಗಂಡ ಕಲ್ಯಾಣಪ್ಪ ಮತ್ತು ಮಗ ಯೋಗಿರಾಜ ಮಂಡಿಯೂರಿ ಕೆಳಗೆ ನೋಡುತ್ತಿದ್ದರು.

ಸೊಲ್ಲಾಪುರದ ಚಾದರದ ವ್ಯಾಪಾರಿಗೆ ಇಲ್ಲೇನು ಕೆಲಸವೆಂದು ಕೇಳಬೇಡಿ. ರತ್ನಾಗಿರಿಯ ಆಚೆ, ಊರಿಲ್ಲದ, ಫೋನಿಗೆ ರೇಂಜಿಲ್ಲದ ಈ ಕಲ್ಲುದಂಡೆಯಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಮಲಗಬೇಕೆಂಬ ಹುಚ್ಚು ಮಗನದು. ಹೋಗುವುದಾದರೆ ಅಮಾವಾಸ್ಯೆಗೇ ಹೋಗೋಣ, ಸಮುದ್ರಸ್ನಾನದ ಪುಣ್ಯವಾದರೂ ಬರಲಿ ಎಂಬ ಹಟ ತಾಯಿಯದು. ಅಮಾವಾಸ್ಯೆಯ ಉಬ್ಬರ ಉಳಿದ ದಿನಗಳಿಗಿಂತ ದೊಡ್ಡದೆಂದು ಮೂವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಅವರು ಕಂಡ ನೀರೆಂದರೆ ಊರ ಕೆರೆ. ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಪಾಪ ಅಲ್ಲೇ ಇರುತ್ತದೆ.

“ಹಗ್ಗ ಎಲ್ಲೈತೋ?” ಎಂದ ಕಲ್ಯಾಣಪ್ಪ.

“ಗಾಡ್ಯಾಗ. ಚಾದರ ಹೊರಬೇಕಂತ ನೀವ ಅಲ್ಲೇ ಬಿಡಿಸಿದ್ರಲ್ಲ.”

ಗಾಡಿ ಗುಡ್ಡದಾಚೆ, ಹೋಗಿ ಬರುವಷ್ಟರಲ್ಲಿ ನೀರು ಆಳೆತ್ತರ ಏರುತ್ತಿತ್ತು. ಬಾಡಿಗೆಯ ಮಲಗುವ ಚೀಲ ತರುತ್ತೇನೆಂದು ಮಗ ಹೇಳಿದಾಗ, “ಮನೀದ ಮಾಲ ಇರೂದ್ರಾಗ ಮಂದಿ ಚೀಲದಾಗ ಹೊಗತೀಯೇನಲೇ” ಎಂದು ನಕ್ಕು ಮೂರು ದಪ್ಪ ಚಾದರ ಕಟ್ಟಿಸಿದ್ದವನು ಕಲ್ಯಾಣಪ್ಪನೇ. ಈಗ ಯೋಗಿರಾಜ ಆ ಮೂರನ್ನೂ ಗಂಟು ಹಾಕಿ ಕೆಳಗೆ ಇಳಿಬಿಟ್ಟಿದ್ದ. ತುದಿ ಕಟ್ಟಲು ಆ ಬೋಳು ಬಂಡೆಯ ಮೇಲೆ ಒಂದು ಗಿಡವೂ ಇರಲಿಲ್ಲ. ಕೈಯಲ್ಲೇ ಹಿಡಿಯಬೇಕು.

ಅಂಗಡಿಗೆ ಗಿರಾಕಿ ಬಂದರೆ ಚಾದರದ ಒಂದು ತುದಿ ಅವರ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, “ಎಳದು ನೋಡ್ರಿ, ಹರಿಯಂಗಿಲ್ಲ” ಎನ್ನುವುದು ಕಲ್ಯಾಣಪ್ಪನ ರೂಢಿ. ಗಿರಾಕಿ ಮೈಮುರಿದು ಎಳೆಯುತ್ತಿದ್ದರೆ ಇವನು ಗೊತ್ತಾಗದಂತೆ ಕೈ ಸಡಿಲ ಬಿಡುತ್ತಿದ್ದ. ಮಾಲು ಒಳ್ಳೆಯದೇ ಅನ್ನಿ, ಆದರೂ ಯಾಕೆ ಬೇಕು ಪಂಚಾಯ್ತಿ. ಮಗನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದಾಗ ಅವನಿಗೂ ಮೊದಲು ಇದನ್ನೇ ಕಲಿಸಿದ್ದ. ಇನ್ನು ಮನೆಗೆ ಬರುವುದು ಎಂಥದ್ದು? ನಡುವೆ ಎಳೆ ತುಂಡಾಗಿ, ಮಾರಲು ಬಾರದೆ ಮೂಲೆಗೆ ಬಿದ್ದದ್ದು. ಕೆಳಗೆ ತೂಗುತ್ತಿದ್ದ ಮೂರೂ ಆ ರಾಶಿಯವೇ. ಹೊರಡುವಾಗ ಹೆಂಡತಿ ಕೇಳಿದ್ದಕ್ಕೆ ಮಾತ್ರ “ಹೊಸಾ ಮಾಲ, ಒಂದನೇ ನಂಬರ್” ಎಂದಿದ್ದ.

ನೀರು ಕಸ್ತೂರಬಾಯಿಯ ಮೊಣಕಾಲಿಗೆ ಬಂತು. ಅವಳು ದಡದಲ್ಲಿಟ್ಟಿದ್ದ ರೊಟ್ಟಿಯ ಗಂಟು ಒಮ್ಮೆ ತೇಲಿ, ಎರಡು ಕಲ್ಲುಗಳ ನಡುವೆ ಕಾಣದಾಯಿತು. ಮುಂದಿನ ಅಲೆ ಅವಳನ್ನು ಬಂಡೆಗೆ ಒರಗಿಸಿ ಹೋಯಿತು. ಕಲ್ಯಾಣಪ್ಪ ಅಂಚಿನಿಂದ ಇನ್ನಷ್ಟು ಬಗ್ಗಿದ. ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ರೂಢಿಯ ಮಾತೇ.

“ಕಸ್ತೂರಿ, ಅಂಜಬ್ಯಾಡ. ಗಟ್ಟಿ ಹಿಡ್ಕೊ. ಎಳದು ನೋಡು, ಹರಿಯಂಗಿಲ್ಲ.”

ಅವಳು ಚಾದರದ ತುದಿ ಹಿಡಿದಳು. ಎಳೆಯಲಿಲ್ಲ. ತಲೆಯೆತ್ತಿ ಗಂಡನ ಮುಖ ನೋಡಿದಳು. ಅಲೆಯ ಸದ್ದಿನಲ್ಲೂ ಅವಳ ದನಿ ಸ್ಪಷ್ಟವಾಗಿಯೇ ಮೇಲೆ ಬಂತು.

“ಗಿರಾಕಿಗೆ ಹೇಳಾಕತ್ತೀರೇನ್ರಿ, ಇಲ್ಲಾ ನನಗ ಹೇಳಾಕತ್ತೀರೇನು?”

ಕಲ್ಯಾಣಪ್ಪನಿಗೆ ಅಳು ಬಂತು. ಇವಳಿಗೇನಾದರೂ ಆದರೆ ತಾನು ಯಾವ ಮುಖ ಹೊತ್ತು ಊರಿಗೆ ಹೋಗಲಿ ಎನ್ನಿಸಿತು. ಚಪ್ಪಲಿ ಕಳಚಿದ. ಧೋತರ ಮೇಲಕ್ಕೆ ಕಟ್ಟಿದ.

“ಬಿಡು, ಕಸ್ತೂರಿ. ಸರದು ನಿಂದರು. ಮೊದಲ ನಾ ಇಳಿತೀನಿ.”

“ಅಪ್ಪಾ, ಏನ ಮಾಡಾಕತ್ತೀರಿ? ನಿಮ್ಮ ತೂಕ ಎಷ್ಟೈತಿ ಗೊತ್ತೈತಿಲ್ಲ?”

“ಅದಕ್ಕ ಇಳಿಯಾಕತ್ತೀನಿ. ನನ್ನ ಭಾರಕ್ಕ ಹರೀಲಿಲ್ಲ ಅಂದ್ರ ನಿಮ್ಮವ್ವನ ಭಾರಕ್ಕ ಹರಿಯಂಗಿಲ್ಲ. ಕೆಳಗಿಂದ ಹೆಗಲ ಕೊಟ್ಟು ಆಕಿನ್ನ ಎತ್ತತೀನಿ, ನೀ ಮ್ಯಾಲ ಎಳ್ಕೊ.”

“ಆಮ್ಯಾಲ ನೀವು?”

ಕಲ್ಯಾಣಪ್ಪ ಅಂಚಿಗೆ ಸರಿದು ಚಾದರ ಹಿಡಿದ. ಯೋಗಿರಾಜ ಚಾದರದ ತುದಿಯನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿ, ಎರಡೂ ಪಾದಗಳನ್ನು ಕಲ್ಲಿನ ಬಿರುಕಿಗೆ ಆನಿಸಿ ಹಿಂದಕ್ಕೆ ವಾಲಿ ಕೂತ. ಅಪ್ಪ ಸಮುದ್ರಕ್ಕೆ ಬೆನ್ನು ಮಾಡಿ ಅಂಚಿನಿಂದ ಒಂದು ಕಾಲು ಕೆಳಗಿಟ್ಟ, ಇನ್ನೊಂದೂ ಇಟ್ಟ. ಮೊದಲ ಗಂಟು ಬಿಗಿದುಕೊಂಡಿತು. ಎಲ್ಲೋ ನಡುವೆ ಚರ್ ಎಂದಿತು. ಬಟ್ಟೆ ಹರಿಯಲಿಲ್ಲ.

ಮೇಲಿನಿಂದ ಈಗ ಅಪ್ಪನ ತಲೆಯಷ್ಟೇ ಕಾಣುತ್ತಿತ್ತು. ಅವನು ಮಗನ ಕೈಗಳನ್ನು ನೋಡಿದ.

“ಯೋಗ್ಯಾ, ಅಂಗಡ್ಯಾಗ ಹಿಡದಂಗ ಹಿಡೀಬ್ಯಾಡಪಾ.”