ಮುಳ್ಳಿಗೊಂದು ಹೆಸರು

"ಚಿತ್ರಾ ಇವತ್ತು ದಾರಿಗೆ ಬಂದಳು. ರೋಹಿಣೀದೇ ತಲೆನೋವು, ಮುಟ್ಟಿದ್ರೆ ಮುನಿಸು."

ಗಂಡ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಆಡಿದ ಮಾತು ಅಡುಗೆಮನೆಗೆ ಬಂದು ಬಿತ್ತು. ಅವಳು ನಲ್ಲಿ ನಿಲ್ಲಿಸಿದಳು. ಪಾತ್ರೆ ತೊಳೆಯುವವರಿಗೆ ಕಿವಿ ಕೇಳಿಸುವುದಿಲ್ಲ ಎಂದು ಗಂಡಸರು ನಂಬಿಕೊಂಡಿರುತ್ತಾರೆ, ಪಾಪ.

ಒಂದಲ್ಲ, ಎರಡು ಹೆಸರು. ಮರುವಾರ ಮೂರನೆಯದೂ ಬಂತು. ಸ್ವಾತಿಯ ನಡು ಬಹಳ ತೆಳುವಂತೆ, ಮೆತ್ತಗೆ ಹಿಡಿಯಬೇಕಂತೆ. ಹೆಂಡತಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಆ ದಿನ ಗಿರಾಕಿಯ ಕಿಟಕಿ ಅಳೆಯುವ ಟೇಪಿನಿಂದ ತನ್ನ ಸೊಂಟ ಅಳೆದುಕೊಂಡಳು. ಅಳೆದದ್ದೇ ತಪ್ಪಾಯಿತು. ಮಧ್ಯಾಹ್ನದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ತಂದಳು.

ಗಂಡನದು ಮ್ಯೂಸಿಯಮ್ಮಿನ ವರ್ಕ್‌ಶಾಪಿನಲ್ಲಿ ಹಳೆಯ ಹಿತ್ತಾಳೆ ಸಾಮಾನುಗಳನ್ನು ಸರಿಮಾಡುವ ಕೆಲಸ. ಮದುವೆಯಾದಾಗಿನಿಂದ ಅವಳು ಅತ್ತ ತಲೆ ಹಾಕಿರಲಿಲ್ಲ. ಮನೆಯ ಹಿತ್ತಾಳೆ ತಿಕ್ಕಿಯೇ ಸಾಕಾಗಿದೆ, ಊರಿನದು ಬೇರೆ ನೋಡಬೇಕೇ ಎನ್ನುತ್ತಿದ್ದಳು. ಈಗ ಅಲ್ಲಿ ಯಾರ್‍ಯಾರು ಕೆಲಸಕ್ಕಿದ್ದಾರೆ ಎಂದೂ ಗೊತ್ತಿಲ್ಲದೆ ಕೈ ಕೈ ಹಿಸುಕಿಕೊಂಡಳು.

ಪಕ್ಕದ ಬೀದಿಯಲ್ಲಿದ್ದ ಅಕ್ಕನ ಹತ್ತಿರ ಹೇಳಿಕೊಂಡರೆ ಅವಳು ಉರಿಯುವ ಬೆಂಕಿಗೆ ತುಪ್ಪ ಸುರಿದಳು.

"ಕಣ್ಣು ಮುಚ್ಚಿ ಹಾಲು ಕುಡಿಯೋ ಬೆಕ್ಕು ಕಣೇ ನಿನ್ನ ಗಂಡ. ನಾನು ಮದುವೆ ದಿನಾನೇ ಹೇಳಿದ್ದೆ."

ಹೇಳಿರಲಿಲ್ಲ. ಮದುವೆಯ ದಿನ ಅಕ್ಕ ತನ್ನ ಸೀರೆಯ ಚಿಂತೆಯಲ್ಲಿದ್ದಳು. ಆದರೂ ಮಾತು ನಾಟಿತು.

ಭಾನುವಾರ ಊಟವಾದ ಮೇಲೆ ಗಂಡ ಸೋಫಾದಲ್ಲಿ ನಿದ್ದೆಹೋಗಿದ್ದ. ಅವಳು ಪಕ್ಕದಲ್ಲೇ ಕೂತು ಗುಂಡಿ ಹಚ್ಚುತ್ತಿದ್ದಳು. ಅವನು ಮಗ್ಗುಲು ಬದಲಿಸಿ, "ರೇವತೀ" ಎಂದ. ಅಷ್ಟೇ. ಆದರೆ ಆ ದನಿ! ಮದುವೆಯಾದ ಹೊಸದರಲ್ಲಿ ತನ್ನ ಹೆಸರಿಗೆ ಸಿಗುತ್ತಿದ್ದ ದನಿ ಅದು. ಎದ್ದವಳೇ ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿದಳು. ಸಿಕ್ಕಿದ ಬಟ್ಟೆ ತುರುಕಿ, ತಂದು ಸೋಫಾದ ಮುಂದೆ ಇಟ್ಟು, ಗಂಡನ ಭುಜ ಅಲ್ಲಾಡಿಸಿದಳು.

"ಯಾರ್‍ರೀ ಅವರೆಲ್ಲ? ಚಿತ್ರಾ, ರೋಹಿಣಿ, ಸ್ವಾತಿ, ರೇವತಿ. ತಿಳ್ಕೊಂಡೇ ಅಕ್ಕನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ."

ಗಂಡ ಎದ್ದು ಕೂತ. ಸೂಟ್‌ಕೇಸ್ ನೋಡಿದ, ಅವಳನ್ನು ನೋಡಿದ. ನಗು ಬರಲು ಸ್ವಲ್ಪ ತಡವಾಯಿತು. ಬಂದ ಮೇಲೆ ನಿಲ್ಲಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ ಹೇಳಿದ: "ಚಪ್ಪಲಿ ಹಾಕ್ಕೋ. ನಿನ್ನ ಸವತಿಯರನ್ನ ತೋರಿಸ್ತೀನಿ."

ಮ್ಯೂಸಿಯಮ್ಮಿನ ಮಹಡಿಯ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ತಟ್ಟೆಯಗಲದ ಹಿತ್ತಾಳೆಯ ಬಿಲ್ಲೆಯೊಂದು ತೂಗುತ್ತಿತ್ತು. ಆಸ್ಟ್ರೋಲೇಬ್. ಹಿಂದಿನವರು ಇದನ್ನು ಎತ್ತಿ ಹಿಡಿದು, ನಕ್ಷತ್ರ ನೋಡಿ ಹೊತ್ತು ಹೇಳುತ್ತಿದ್ದರಂತೆ. ಮೇಲಿನ ತಗಡನ್ನು ಬಳ್ಳಿಯ ಆಕಾರಕ್ಕೆ ಕತ್ತರಿಸಿದ್ದರು. ಪ್ರತಿ ಎಲೆಯ ತುದಿಯೂ ಚೂಪಾದ ಮುಳ್ಳು, ಒಂದೊಂದು ಮುಳ್ಳೂ ಒಂದೊಂದು ನಕ್ಷತ್ರದ ಜಾಗ ತೋರಿಸುತ್ತಿತ್ತು. ಕೆತ್ತಿದ ಲಿಪಿ ಪರದೇಶದ್ದು, ವರ್ಕ್‌ಶಾಪಿನಲ್ಲಿ ಓದಬಲ್ಲವರಿರಲಿಲ್ಲ. ಹಾಗಾಗಿ ಮುಳ್ಳುಗಳನ್ನು ನಮ್ಮ ನಕ್ಷತ್ರಗಳ ಹೆಸರಿನಿಂದ, ಮನೆಯ ಹೆಣ್ಣುಮಕ್ಕಳನ್ನು ಕರೆದಂತೆ ಕರೆಯುವುದು ಅಲ್ಲಿಯ ರೂಢಿ. ಬಗ್ಗಿದ್ದ ಚಿತ್ರಾಳನ್ನು ಗಂಡ ನೆಟ್ಟಗೆ ಮಾಡಿದ್ದ. ರೋಹಿಣಿಯ ಬುಡದಲ್ಲಿ ಬಿರುಕು. ಸ್ವಾತಿ ನಡುವೆ ಸವೆದು ತೆಳ್ಳಗಾಗಿತ್ತು.

ಎಲ್ಲರ ಬಾಯಲ್ಲೂ ಇರುವ ನಕ್ಷತ್ರಗಳು ಅವಳಿಗೆ ಹೊಳೆಯಲಿಲ್ಲ ನೋಡಿ. ಹೊಟ್ಟೆಕಿಚ್ಚು ತುಂಬಿದ ತಲೆಯಲ್ಲಿ ಬುದ್ಧಿಗೆ ಜಾಗವೆಲ್ಲಿ? ನಾಚಿಕೆಯಿಂದ ಅವಳು ಸೆರಗು ಬಾಯಿಗಿಟ್ಟುಕೊಂಡಳು.

ರೇವತಿ ಯಾವುದೆಂದು ಕೇಳಿದಳು, ಈಗ ನಗುತ್ತಲೇ. ಗಂಡ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡು, ಅಂಚಿನಲ್ಲಿದ್ದ ಒಂದು ಮುಳ್ಳನ್ನು ತೋರಿಸಿ ಅದೇ ಎಂದ. ಎಲ್ಲಕ್ಕಿಂತ ಚೆಲುವಾಗಿತ್ತು ಅದು, ಬೆಳಕಿಗೆ ಮಿರಮಿರ ಮಿಂಚುತ್ತಿತ್ತು. ಇದರ ಹೆಸರು ನಿದ್ದೆಯಲ್ಲಿ ಬಂದರೆ ತಪ್ಪೇನು ಅನ್ನಿಸಿತು ಅವಳಿಗೆ. ಒಂದು ಚೂರು ಹೊಟ್ಟೆ ಉರಿದದ್ದೂ ನಿಜ. ಹಿತ್ತಾಳೆಯ ಸವತಿ, ಇರಲಿ, ಸೋಪಿನ ಖರ್ಚಿಲ್ಲ, ಸೀರೆಯ ಖರ್ಚಿಲ್ಲ. ಮನೆಗೆ ಬಂದು ಬಟ್ಟೆಗಳನ್ನೆಲ್ಲ ಬೀರುವಿಗೆ ವಾಪಸ್ ಜೋಡಿಸಿದಳು.

ಇನ್ನು ಅಕ್ಕನ ಬಾಯಿ ಮುಚ್ಚಿಸುವುದೊಂದು ಬಾಕಿಯಿತ್ತು. ರಜೆಯ ದಿನ ಅವಳನ್ನು ಎಳೆದುಕೊಂಡೇ ಹೋಗಿ ಗಾಜಿನ ಮುಂದೆ ನಿಲ್ಲಿಸಿದಳು. ಇವಳು ಚಿತ್ರಾ, ಇವಳು ರೋಹಿಣಿ, ಇಗೋ ಸೊಂಟ ಸಣ್ಣಗಿರೋಳು ಎಂದು ಒಬ್ಬೊಬ್ಬರನ್ನೇ ಪರಿಚಯ ಮಾಡಿಸಿದಳು. ಅಕ್ಕ ಇಂಗು ತಿಂದ ಮಂಗನಂತೆ ನಿಂತಳು. ಆಮೇಲೆ, ನಿನ್ನ ಗಂಡ ಅಂಥವನಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು ಬಿಡು ಎಂದಳು.

ನೋಡಲು ಬಂದವರಿಗೆ ವಿವರಿಸುವ ಗೈಡ್ ಹೆಂಗಸು ಹತ್ತಿರ ಬಂದು, ರಿಪೇರಿಯವರ ಮನೆಯವರೇ ಎಂದು ತಿಳಿದು ಖುಷಿಪಟ್ಟಳು. ತಂಗಿಗೂ ಹುರುಪು ಬಂತು. ಅಂಚಿನ ಮುಳ್ಳಿನತ್ತ ಬೆರಳು ಚಾಚಿ, ಇಬ್ಬರಿಗೂ ಕೇಳುವಂತೆ, ಇವಳೇ ನಮ್ಮ ರೇವತಿ ಎಂದಳು.

"ಅದು ಲುಬ್ಧಕ ಅಲ್ವಾ, ಮೇಡಂ?" ಗೈಡ್ ನಕ್ಕಳು. "ಆಕಾಶದಲ್ಲೇ ಎಲ್ಲಕ್ಕಿಂತ ಹೊಳೆಯೋ ನಕ್ಷತ್ರ. ರೇವತಿ ಇದರಲ್ಲಿಲ್ಲ. ಕಣ್ಣಿಗೆ ಕಾಣೋದೇ ಕಷ್ಟ, ಅಷ್ಟು ಮಂಕು. ಅದಕ್ಕೆ ಯಾರು ಮುಳ್ಳು ಇಡ್ತಾರೆ?"

ಪಾಠ ತಪ್ಪದೆ ಒಪ್ಪಿಸಿದ ಹೆಮ್ಮೆಯಿಂದ ಅವಳು ಮುಗಿಸಿದಳು: "ನಾನು ಕೆಲಸಕ್ಕೆ ಸೇರಿದ ದಿನಾನೇ ಇದನ್ನೆಲ್ಲ ನಿಮ್ಮನೆಯವರು ಹೇಳ್ಕೊಟ್ಟಿದ್ರು."