ಮಯೂರ ಬಳಗದ ಖಾಲಿ ಕುರ್ಚಿಗಳು

ಕಂಪನಿಯ ವಕೀಲೆ ತ್ರಿವೇಣಿ ದಾರಿ ಕೇಳಲು ಫೋನನ್ನೂ ಮಾಡದೆ ಕಡೂರಿನ ಆ ಸಂದಿಗೆ ಬಂದು ಕಾರು ನಿಲ್ಲಿಸಿದಾಗ ಲಕ್ಷ್ಮಣಪ್ಪ ಇನ್ನೂ ಕುರ್ಚಿ ಒರೆಸುತ್ತಿದ್ದ.

"ನಿಮ್ಮ ಬಳಗದವರು ಬಂದ್ರಾ ಸಾರ್?"

"ಬತ್ತಾರೆ, ಕೂತ್ಕಳಿ ಮೇಡಂ. ಸಿಂಗಟಗೆರೆ, ಅಜ್ಜಂಪುರದಿಂದ ಬರಬೇಕಲ್ಲ."

ಅರ್ಧ ಊರಿಗೆ ಅವನು ಡ್ರೈವಿಂಗ್ ಕಲಿಸಿದ್ದು ಒಂದೇ ಹಳೆಯ ಮಯೂರ ಕಾರಿನಲ್ಲಿ. ಹೆಂಡತಿ ತೀರಿಹೋದಮೇಲೆ ಆ ಕಾರಿನ ಅಭಿಮಾನಿಗಳಿಗೆಂದು 'ಮಯೂರ ಬಳಗ' ಎಂಬ ವೆಬ್‌ಸೈಟ್ ಮಾಡಿದ. ಈಗ ಕಂಪನಿ ಅದೇ ಹೆಸರಲ್ಲಿ ಹೊಸ ಕಾರು ತರುತ್ತಿದೆ. ಹೆಸರು, ನವಿಲಿನ ಗುರುತು ಎರಡೂ ನಮ್ಮ ಟ್ರೇಡ್‌ಮಾರ್ಕ್, ತೆಗೆಯಿರಿ ಎಂದು ನೋಟಿಸು ಬಂದಿತ್ತು. ನಿಜವಾದ ಬಳಗವಿದ್ದರೆ ತೋರಿಸಿ, ಕಂಪನಿಯವರ ಅನುಮತಿ ಕೇಳಿ ನೋಡುತ್ತೇನೆ ಎಂದಿದ್ದಳು ತ್ರಿವೇಣಿ.

ಲಕ್ಷ್ಮಣಪ್ಪ ಕಾಫಿ ತಂದಿಟ್ಟ. ಅವಳು ತನ್ನ ಲೋಟಕ್ಕಷ್ಟೇ ಸಕ್ಕರೆ ಹಾಕಿಕೊಂಡು ಡಬ್ಬಿ ಮುಚ್ಚಿದಳು.

"ನಿಮ್ಮ ಬಳಗದಲ್ಲಿ ಬರೆಯೋ ಲಕ್ಕಣ್ಣ, ಶಶಿಧರ ಇಬ್ಬರ ಆಯುಧಪೂಜೆ ಫೋಟೋದಲ್ಲೂ ಒಡೆದ ಕುಂಬಳಕಾಯಿ ಒಂದೇ ಅಲ್ವಾ ಸಾರ್?"

ಅವನು ತಲೆ ತಗ್ಗಿಸಿದ. "ಅವರಿಬ್ರೂ ನಾನೇ ಕಣಮ್ಮ. ಒಬ್ನೇ ಎಷ್ಟು ಅಂತ ಮಾತಾಡ್ಲಿ? ಜಗಳ ಆಡೋಕೆ ಇಬ್ಬರನ್ನ ಮಾಡ್ಕಂಡೆ. ಆದ್ರೆ ತರೀಕೆರೆಯಿಂದ 'ಬಿಳಿ ಮಯೂರ' ಅನ್ನೋ ಹೆಸರಲ್ಲಿ ಬರೆಯೋರು ನಾನಲ್ಲ. ಅವರೊಬ್ರು ನಿಜ."

ಆ 'ಬಿಳಿ ಮಯೂರ' ಮಳೆಗಾಲದಲ್ಲಿ ಬಳಗಕ್ಕೆ ಸೇರಿದವರು. ಬಳಗ ನಡೆಸೋದು ಯಾರು, ಎಷ್ಟು ಜನ, ಜಾಹೀರಾತು ಹಾಕ್ತೀರಾ ಎಂದು ದಿನವೂ ಕೇಳುತ್ತಿದ್ದರು. ಅವನ ಬಗ್ಗೆ ಅಷ್ಟು ಕೇಳಿದವರು ಬೇರಾರೂ ಇರಲಿಲ್ಲ. ತನ್ನ ಹಾಗೇ ಒಂಟಿ ಮುದುಕನಿರಬೇಕು ಅಂದುಕೊಂಡಿದ್ದ. ಸಕ್ಕರೆ ಕಾಯಿಲೆಯಿಂದ ಹಿಡಿದು ಎಲ್ಲ ಹೇಳಿಕೊಂಡಿದ್ದ. ಗಾಡಿ ಹೊರಡಿಸುವ ಮುಂಚೆ ಬಾನೆಟ್ ತಟ್ಟಿ "ಹೋಗೋಣ್ವೇನವ್ವಾ?" ಅನ್ನುವ ತನ್ನ ಹುಚ್ಚನ್ನಂತೂ ಅವರೊಬ್ಬರಿಗೇ ಬರೆದಿದ್ದ. ಫೋನ್ ನಂಬರ್ ಕೇಳಿದರೆ ಮಾತ್ರ ಜಾರಿಕೊಳ್ಳುತ್ತಿದ್ದರು. ಬಳಗ ಮುಚ್ಚಿದರೆ ಆ ಮಾತೂ ಮುಗಿದಂತೆ.

"ಇವತ್ತು ಬಂದೇ ಬರ್ತೀನಿ ಅಂತ ಬರ್ದಿದಾರೆ. ಮಾತು ತಪ್ಪೋರಲ್ಲ."

"ಹೌದು," ಅಂದಳು ತ್ರಿವೇಣಿ, ಲೋಟ ನೋಡುತ್ತ.

ಸ್ಟೇಷನ್ನಿಗೆ ರೈಲು ಬಂತು, ಹೋಯಿತು. ಗೇಟು ಸದ್ದು ಮಾಡಲಿಲ್ಲ. ಕಾಫಿ ಕೆನೆಗಟ್ಟಿತು. ಕೊನೆಗೆ ಲಕ್ಷ್ಮಣಪ್ಪ ತಾನೇ ಪೆನ್ನು ಕೇಳಿ, ಹೆಸರು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದ.

"ಒಂದು ದಿನ ಮಾತ್ರ ತಡೀರಿ ಮೇಡಂ. ಬಳಗ ಇರಲ್ಲ ಅಂತ ಅವರಿಗೊಂದು ಮಾತು ಹೇಳ್ಬೇಕು."

"ಅವರಿಗೆ ಗೊತ್ತಾಗುತ್ತೆ ಬಿಡಿ ಸಾರ್."

ಗೇಟಿನವರೆಗೆ ಬಂದು ನಿಂತ. ಅವಳು ಕಾರಿನ ಬಾಗಿಲು ತೆರೆದವಳು ಹತ್ತಲಿಲ್ಲ, ಅದರ ಮುಂಭಾಗಕ್ಕೆ ನಡೆದಳು.

ಅವನತ್ತ ತಿರುಗಿ ನೋಡದೆ, ಬಾನೆಟ್ ಮೆಲ್ಲಗೆ ತಟ್ಟಿ ಅಂದಳು: "ಹೋಗೋಣ್ವೇನವ್ವಾ?"