ಅಳಿವೆಯ ಹೊರಗೇ ನಿಲ್ಲಿ...

ಪ್ರಮೀಳಾ ಗಂಗೊಳ್ಳಿಯ ಮೀನುಗಾರರ ಮನೆಯ ಮಗಳು. ಓದಿ ವಿಜ್ಞಾನಿಯಾದವಳು.

ಸೂರ್ಯನಲ್ಲಿ ಸ್ಫೋಟವಾದರೆ ಅದರ ಪೆಟ್ಟು ಭೂಮಿಗೆ ಯಾವಾಗ ಬೀಳುತ್ತದೆ ಎಂದು ಮುಂಚೆಯೇ ಹೇಳುವುದು ಅವಳ ಡ್ಯೂಟಿ.

ಮಳೆಗಾಲ ಮುಗಿದ ಹೊಸತರಲ್ಲಿ ಅವಳು ಒಂದು ಎಚ್ಚರಿಕೆ ಕೊಟ್ಟಿದ್ದಳು. "ಸೌರ ಬಿರುಗಾಳಿ ಬರುತ್ತಿದೆ. ಜಿಪಿಎಸ್ ದಾರಿ ತಪ್ಪಿಸಬಹುದು."

ಅವಳ ಮಾತು ಕೇಳಿ ಊರಿನ ಬೋಟುಗಳು ಕಡಲಿಗೆ ಇಳಿಯಲಿಲ್ಲ...

ಆದರೆ ಏನೂ ಆಗಲಿಲ್ಲ!

ಆಮೇಲೆ ಶುರುವಾಯಿತು ನೋಡಿ ನಗೆ. ಅವಳ ಅಪ್ಪ ಎಲ್ಲೇ ಹೋಗಲಿ, ಯಾರಾದರೂ ಕೂಗುತ್ತಿದ್ದರು... "ಹ್ವಾಯ್, ಇವತ್ತ್ ಸೂರ್ಯಂಗೆ ಜ್ವರ ಇತ್ತಾ ಹ್ಯಾಂಗೆ?"

ಹೀಗಿರುವಾಗ ಸೂರ್ಯನಲ್ಲಿ ಮತ್ತೊಂದು ಸ್ಫೋಟವಾಯಿತು. ಮೊದಲಿನದಕ್ಕಿಂತ ದೊಡ್ಡದು.

ಸೂರ್ಯನ ಮೈಯಿಂದ ಸಿಡಿದ ಕಾದ ಅನಿಲದ ಮೋಡ ನೇರ ಭೂಮಿಯತ್ತ ಹೊರಟಿತ್ತು. ತಲುಪಲು ಹೆಚ್ಚುಕಡಿಮೆ ಎರಡು ದಿನ...

ಆ ಮೋಡದೊಳಗಿನ ಕಾಂತಶಕ್ತಿ ಉತ್ತರಕ್ಕೆ ಮುಖ ಮಾಡಿದ್ದರೆ ಭೂಮಿ ಅದನ್ನು ಬಹುಪಾಲು ತಡೆದುಬಿಡುತ್ತದೆ. ದಕ್ಷಿಣಕ್ಕಿದ್ದರೆ ಪೆಟ್ಟು ಜೋರು. ಅದು ಖಚಿತವಾಗುವುದು ಮೋಡ ಬಂದು ತಟ್ಟಲು ಸುಮಾರು ಒಂದು ಗಂಟೆ ಇರುವಾಗ! ಹಿಂದಿನ ಸಲ ಅದು ಉತ್ತರಕ್ಕಿತ್ತು; ಅವಳನ್ನು ಸೋಲಿಸಿದ್ದು ಇದೇ.

ಹಿರಿಯ ಅಧಿಕಾರಿ ಹೇಳಿದರು. "ಒಂದು ಮೇಲ್ ಹಾಕಿ ಸುಮ್ಮನಿದ್ದುಬಿಡಿ ಪ್ರಮೀಳಾ. ಮತ್ತೆ ಸುಳ್ಳಾದ್ರೆ ಊರಲ್ಲಿ ತಲೆ ಎತ್ತೋಕಾಗಲ್ಲ ನಿಮಗೆ."

"ಮೇಲ್ ಯಾರೂ ಓದಲ್ಲ ಸರ್. ನಾನೇ ಹೋಗ್ತೀನಿ."

ಅಂದೇ ಊರಿನ ಬಸ್ ಹತ್ತಿದಳು.

ಮರುದಿನ ಬೆಳಗ್ಗೆ ದಕ್ಕೆಯಲ್ಲಿ ಬೋಟುಗಳು ಹೊರಡುವ ಗಡಿಬಿಡಿ. ಬೋಟು ನಡೆಸುವ ಹಿರಿಯ ತಾಂಡೇಲ ಶೀನಣ್ಣ ಅವಳನ್ನು ಕಂಡೊಡನೆ ಕೈಮುಗಿದ... ಬೇಕೆಂದೇ.

"ಮತ್ ಬಂದ್ಯಾ ಮಾರಾಯ್ತಿ? ಈ ಸಲ ನಾವ್ ಮನೇಲ್ ಕೂಕಂಬುದಿಲ್ಲ ಕಾಣ್."

"ಹೋಯ್ನಿ ಶೀನಣ್ಣ, ನಾ ತಡೂಕ್ ಬರ್ಲಿಲ್ಲ. ಆದ್ರೆ ಕತ್ಲಾದ್ಮೇಲೆ ಜಿಪಿಎಸ್ ನಂಬಿ ಅಳಿವೆ ಒಳಗ್ ಬರ್ಬೇಡಿ. ನಡು ಕಡಲಲ್ಲಿ ಐವತ್ತ್ ಮೀಟರ್ ತಪ್ಪಿದ್ರೆ ಎಂತದೂ ಇಲ್ಲ. ಅಳಿವೆ ಬಾಯಲ್ಲಿ ಐವತ್ತ್ ಮೀಟರ್ ಅಂದ್ರೆ ಬಂಡೆ!"

ನದಿ ಕಡಲು ಸೇರುವ ಆ ಕಿರಿದಾದ ದಾರಿಯ ವಿಷಯ ಯಾರಿಗೆ ಗೊತ್ತಿಲ್ಲ? ಆದರೂ ಎಲ್ಲರೂ ನಗುತ್ತಲೇ ಹೊರಟರು.

ಸಂಜೆ ಅವಳು ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕೂತಿದ್ದಾಗ ಕಚೇರಿಯಿಂದ ಫೋನ್ ಬಂತು. ಒಂದೇ ಮಾತು...

"ದಕ್ಷಿಣ!"

ಅವಳು ಮೈಕ್ ಹಿಡಿದಳು. "ಎಲ್ಲಾ ಬೋಟಿನವ್ರೂ ಕೇಣಿ. ಅಳಿವೆ ಹೊರಗೇ ಲಂಗರ್ ಹಾಕಿ. ಬೆಳ್ಕಾಪ ತನ್ಕ ಒಳಗ್ ಬರ್ಬೇಡಿ."

ಆ ಕಡೆಯಿಂದ ಯಾರೋ ನಕ್ಕರು. ಯಾರೋ ಸಿಳ್ಳೆ ಹಾಕಿದರು.

ಅವಳ ಕಣ್ಣು ತುಂಬಿತು... ಆದರೆ ಕೈ ಮೈಕ್ ಬಿಡಲಿಲ್ಲ.

ಮತ್ತೆ ಹೇಳಿದಳು. ಮತ್ತೂ ಹೇಳಿದಳು. ಗಂಟಲು ಕಟ್ಟಿತು. ಅಪ್ಪ ಬಂದು ಬಿಸಿನೀರಿನ ಲೋಟ ಪಕ್ಕದಲ್ಲಿಟ್ಟು, "ಹೇಳ್ ಮಗಾ, ನಿಲ್ಲಿಸ್ಬೇಡ" ಎಂದರು.

ಬೆಳಗಾಯಿತು. ಒಂದೊಂದೇ ಬೋಟು ದಕ್ಕೆಗೆ ಬಂತು. ಎಲ್ಲರಿಗಿಂತ ಕೊನೆಗೆ ಶೀನಣ್ಣನದು. ಅವನು ಮೀನನ್ನೂ ಇಳಿಸದೆ ನೇರ ವೈರ್‌ಲೆಸ್ ಕೋಣೆಯ ಬಾಗಿಲಿಗೆ ಬಂದು ನಿಂತ.

"ನಾ ನಿನ್ ಮಾತ್ ಕೇಣ್ಲಿಲ್ಲ ತಂಗಿ. ಜಿಪಿಎಸ್ ಕಾಣ್ತಾ ಅಳಿವೆಗೇ ಬಂದೆ. ಸ್ಕ್ರೀನಲ್ಲಿ ದಾರಿ ಸಮಾ ಇತ್ತ್... ಆಗ ಮತ್ತೆ ನಿನ್ ಸ್ವರ ಬಂತ್. ಒಡ್ದ್ ಹೋದ ಸ್ವರ. ಇಷ್ಟ್ ನಗಾಡಿದ್ರೂ ಈ ಹೆಣ್ಣ್ ಬಿಡ್ತಿಲ್ಲ ಅಂದ್ರೆ ಎಂತದೋ ಇತ್ತ್ ಅಂದ್ಕಂಡ್ ಇಂಜಿನ್ ನಿಲ್ಸ್ದೆ. ಟಾರ್ಚ್ ಬಿಟ್ಟ್ ಕಂಡ್ರೆ... ಎದ್ರೇ ಬಂಡೆ!"

ಅವನು ಅಳತೊಡಗಿದ.

"ನನ್ ಇಬ್ರೂ ತಮ್ಮಂದ್ರ್ ಬೋಟಲ್ಲೇ ಇದ್ದಿದ್ರ್ ತಂಗಿ. ನೀನ್ ಒಂದ್ ಸಲ ಹೇಳಿ ಸುಮ್ನಾಗಿದ್ರೆ..."

ಪ್ರಮೀಳಾ ಎದ್ದು ಬಂದು ಅವನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು...

ಜನ ನಕ್ಕರೆಂದು ನಿಜ ಹೇಳುವುದನ್ನು ನಿಲ್ಲಿಸಬೇಡಿ... ನಕ್ಕವರ ಜೀವವೇ ಆ ಮಾತಿನ ಮೇಲೆ ನಿಂತಿರಬಹುದು.

ಒಮ್ಮೆ ಸುಳ್ಳಾಯಿತೆಂಬ ನಾಚಿಕೆಗೆ ನೀವು ನುಂಗಿಕೊಂಡು ಕೂತಿರುವ ಮಾತು ಯಾವುದು...? ಅದು ಇಂದು ಯಾರ ಕಿವಿಗೆ ತಲುಪಬೇಕಿದೆ?